ತಲೆಗೆ ಪೆಟ್ಟಾದವರು ಮನೆಗೆ ಹೋದ ಮೇಲೆ ಹೊಸ ತೊಂದರೆ ಕಂಡರೆ

(ರೋಗಿಗಳು ಹಾಗೂ ಅವರನ್ನು ನೋಡಿಕೊಳ್ಳುವ ಬಂಧುಗಳಿಗಾಗಿ)



ಬೈಕಿನಿಂದ ಬಿದ್ದವರು, ಬಚ್ಚಲಮನೆಯಲ್ಲಿ ಜಾರಿದವರು, ಟ್ರ್ಯಾಕ್ಟರಿನಿಂದ ಉರುಳಿದವರು, ಕಬಡ್ಡಿ ಆಡುವಾಗ ತಲೆಗೆ ತಲೆ ಬಡಿದುಕೊಂಡ ಹುಡುಗರು, ಹೀಗೆ ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ವೈದ್ಯರು ಪರೀಕ್ಷೆ ಮಾಡಿ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಕೆಲವು ಗಂಟೆ ವಾರ್ಡಿನಲ್ಲಿ ಇಟ್ಟುಕೊಂಡು ನೋಡುತ್ತಾರೆ. ಆಮೇಲೆ "ಮಿದುಳಿಗೆ ಅಲುಗಾಟ ಆಗಿದೆ, ಗಾಬರಿಪಡುವಂಥದ್ದು ಏನಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ಕಳುಹಿಸುತ್ತಾರೆ. ಈ ಅಲುಗಾಟವನ್ನೇ ಡಿಸ್ಚಾರ್ಜ್ ಚೀಟಿಯಲ್ಲಿ ಕನ್‌ಕಷನ್ ಎಂದು ಬರೆದಿರುತ್ತಾರೆ.

ವಾರ್ಡಿನಲ್ಲಿ ಇರುವವರೆಗೆ ಸಿಸ್ಟರ್ ಆಗಾಗ ಬಂದು ಮಾತನಾಡಿಸುತ್ತಿದ್ದರು, ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು, ಕೈ ಹಿಸುಕಲು ಹೇಳಿ ಬಲ ನೋಡುತ್ತಿದ್ದರು. ಮನೆಗೆ ಹೋದ ಕೂಡಲೇ ಆ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಎರಡು ದಿನ ಚೆನ್ನಾಗಿದ್ದವರು ಮೂರನೆಯ ದಿನ ಸಂಜೆ ವಾಂತಿ ಮಾಡಿಕೊಳ್ಳಬಹುದು. ಹತ್ತನೆಯ ದಿನ ಹಾಸಿಗೆಯಲ್ಲಿ ಹೊರಳುವಾಗ ಮನೆಯೇ ತಿರುಗಿದಂತಾಗಿ ಕೂಗಿಕೊಳ್ಳಬಹುದು. ಆಗ ಮನೆಯಲ್ಲಿ ಎರಡು ಪಂಗಡವಾಗುತ್ತದೆ. "ಈಗಿಂದೀಗ ಗಾಡಿ ಮಾಡ್ರಿ" ಎನ್ನುವವರು ಒಂದು ಕಡೆ. "ಪೆಟ್ಟು ಬಿದ್ದ ಮ್ಯಾಲೆ ಇಷ್ಟೆಲ್ಲ ಇರೂದ, ಬೆಳಗಾಗಲಿ ನೋಡೂಣು" ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ನಿಜವಿದೆ. ಯಾವ ತೊಂದರೆಗೆ ಯಾರ ಮಾತು ನಡೆಯಬೇಕು ಎಂಬುದು ಮೊದಲೇ ತಿಳಿದಿದ್ದರೆ ಆ ಹೊತ್ತಿನಲ್ಲಿ ವಾದಕ್ಕೆ ಸಮಯ ಹೋಗುವುದಿಲ್ಲ.

ಅಲುಗಾಟ ಎಂದರೇನು?

ಮಿದುಳು ತಲೆಬುರುಡೆಯೊಳಗೆ ನೀರಿನಂಥ ದ್ರವದ ನಡುವೆ ಇರುತ್ತದೆ. ಮೊಸರಿನ ಗಡಿಗೆಯನ್ನು ಗಾಡಿಯಲ್ಲಿಟ್ಟು ಒಮ್ಮೆಲೇ ಬ್ರೇಕ್ ಹಾಕಿದರೆ ಗಡಿಗೆ ಒಡೆಯದಿದ್ದರೂ ಒಳಗಿನ ಮೊಸರು ಕದಡುತ್ತದಲ್ಲವೇ, ಹಾಗೆಯೇ ಬುರುಡೆಗೆ ಏನೂ ಆಗದಿದ್ದರೂ ಮಿದುಳು ಒಳಗೇ ಅಲುಗಿ ಅದರ ಕೆಲಸ ಕೆಲವು ದಿನ ಏರುಪೇರಾಗುತ್ತದೆ. ಇದಕ್ಕೆ ಪ್ರಜ್ಞೆ ತಪ್ಪಿರಲೇಬೇಕು ಎಂದೇನೂ ಇಲ್ಲ. ಸ್ಕ್ಯಾನಿನಲ್ಲಿ ಮೂಳೆ ಬಿರುಕು, ರಕ್ತಸ್ರಾವ, ಊತ ಕಾಣುತ್ತವೆ. ಬರೀ ಅಲುಗಾಟ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದಲೇ "ಸ್ಕ್ಯಾನ್ ಚೆನ್ನಾಗಿದೆ ಅಂದ್ರಿ, ಮತ್ಯಾಕೆ ತಲೆ ನೋಯ್ತದ್ರಿ?" ಎಂದು ಬಹಳ ಮಂದಿ ಕೇಳುತ್ತಾರೆ. ಸ್ಕ್ಯಾನೂ ಸರಿಯಿರಬಹುದು, ತಲೆನೋವೂ ನಿಜವಿರಬಹುದು. ರೋಗಿ ನಾಟಕ ಮಾಡುತ್ತಿದ್ದಾರೆ ಎಂದು ತಿಳಿಯಬೇಡಿ.

ಅಲುಗಾಟದಿಂದ ಬರುವ ತೊಂದರೆಗಳು ಹೀಗಿರುತ್ತವೆ. ತಲೆನೋವು, ತಲೆಭಾರ, ಹೊಟ್ಟೆ ತೊಳಸುವುದು, ಬೆಳಕು ಮತ್ತು ಗದ್ದಲ ತಡೆಯದಿರುವುದು, ಸ್ವಲ್ಪ ಕೆಲಸಕ್ಕೇ ಸುಸ್ತಾಗುವುದು, ಹೇಳಿದ ಮಾತು ಮರೆಯುವುದು, ಓದಿದ್ದು ತಲೆಗೆ ಹತ್ತದಿರುವುದು, ಸಣ್ಣದಕ್ಕೂ ಸಿಡುಕುವುದು, ನಿದ್ದೆ ಹೆಚ್ಚುಕಡಿಮೆಯಾಗುವುದು. ದೊಡ್ಡವರಲ್ಲಿ ಬಹಳಷ್ಟು ಮಂದಿಗೆ ಇವು ಎರಡು ವಾರದ ಆಸುಪಾಸಿನಲ್ಲಿ, ಮಕ್ಕಳಿಗೆ ಸುಮಾರು ನಾಲ್ಕು ವಾರದೊಳಗೆ ಇಳಿಯುತ್ತವೆ. ಕೆಲವರಿಗೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ.

ಇಳಿಯುವುದು ಎಂದರೆ ಪ್ರತಿದಿನವೂ ಒಂದೇ ಸಮನೆ ಇಳಿಯುವುದಲ್ಲ. ಬೆಳಿಗ್ಗೆ ಹಗುರವಾಗಿದ್ದವರು ಮನೆಗೆ ಬಂದ ನೆಂಟರೊಂದಿಗೆಲ್ಲ ಮಾತನಾಡಿ, ಎರಡು ಗಂಟೆ ಟಿ.ವಿ. ನೋಡಿದರೆ ಸಂಜೆಗೆ ತಲೆ ಹಿಡಿದು ಕೂರುತ್ತಾರೆ. ಸುಮ್ಮನೆ ಮಲಗಿ ಎದ್ದರೆ ಕಡಿಮೆಯಾಗುತ್ತದೆ. ದಣಿದಾಗ ಏರಿ, ವಿಶ್ರಾಂತಿಗೆ ಇಳಿಯುವ ನೋವು ಅಲುಗಾಟದ ಸಾಮಾನ್ಯ ಲಕ್ಷಣ. ವಿಶ್ರಾಂತಿ ಪಡೆದರೂ, ಮಾತ್ರೆ ಕೊಟ್ಟರೂ ಇಳಿಯದೆ ಏರುತ್ತಲೇ ಹೋಗುವ ನೋವು ಬೇರೆ ಜಾತಿಯದು. ಅದಕ್ಕೆ ಕಾಯಬಾರದು.

ಮನೆಯಲ್ಲಿ ನೋಡಬೇಕಾದದ್ದು: ಕಣ್ಣು, ಮಾತು, ಕೈಕಾಲು

ವಾರ್ಡಿನಲ್ಲಿ ಸಿಸ್ಟರ್ ತುಂಬುತ್ತಿದ್ದ ಚಾರ್ಟನ್ನು ನೀವು ನೋಡಿರುತ್ತೀರಿ. ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಆ ಪದ್ಧತಿಯನ್ನು 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಅವರು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಹೇಳಿದಂತೆ ಕೈಕಾಲು ಆಡಿಸುವುದಕ್ಕೆ 6, ಒಟ್ಟು 15 ಅಂಕ. ಹೆಸರು ದೊಡ್ಡದಾಗಿದೆ, ನೋಡುವುದು ಮೂರೇ ಸಂಗತಿ. ಅಂಕ ಹಾಕುವುದು ನಿಮಗೆ ಬೇಡ, ಆದರೆ ಆ ಮೂರನ್ನು ಮನೆಯಲ್ಲಿ ಯಾರು ಬೇಕಾದರೂ ನೋಡಬಹುದು. ಅಕ್ಷರ ಬಾರದ ಅಜ್ಜಿಯೂ ನೋಡಬಹುದು.

ಕಣ್ಣು: ಕರೆದರೆ ತಾವಾಗಿ ಕಣ್ಣು ಬಿಡುತ್ತಾರೆಯೇ? ಬಿಟ್ಟ ಕಣ್ಣು ಎಚ್ಚರವಾಗಿದೆಯೇ, ಇಲ್ಲವೆ ಮತ್ತೆ ಮತ್ತೆ ಮುಚ್ಚಿಹೋಗುತ್ತಿದೆಯೇ? ಬೆಳಕಿನಲ್ಲಿ ಕೂರಿಸಿ ಎರಡೂ ಕಣ್ಣಿನ ನಡುವಿನ ಕರಿ ಬೊಟ್ಟು ಒಂದೇ ಗಾತ್ರ ಇದೆಯೇ ನೋಡಿ.

ಮಾತು: "ನಿಮ್ಮ ಹೆಸರೇನು?" ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಗೊಂದಲದಲ್ಲಿದ್ದರೂ ತನ್ನ ಹೆಸರನ್ನು ಮನುಷ್ಯ ಬೇಗ ಮರೆಯುವುದಿಲ್ಲ. ಇವತ್ತು ಯಾವ ವಾರ, ಈಗ ಯಾವ ಊರಿನಲ್ಲಿದ್ದೀರಿ, ಬೆಳಿಗ್ಗೆ ಏನು ತಿಂದಿರಿ, ಇವತ್ತು ಡೇರಿಗೆ ಹಾಲು ಹಾಕಿದವರು ಯಾರು ಎಂದು ಮನೆಯ ಸಂಗತಿ ಕೇಳಿ. ಉತ್ತರ ಸರಿಯೋ ತಪ್ಪೋ ಎಂಬುದರ ಜೊತೆಗೆ ನಾಲಿಗೆ ತೊದಲುತ್ತಿದೆಯೇ ಗಮನಿಸಿ. ಮೊದಲಿನಿಂದ ವಾರದ ಲೆಕ್ಕ ಇಡದ ಅಜ್ಜ ವಾರ ಮರೆತರೆ ಅದು ಹೊಸ ತೊಂದರೆಯಲ್ಲ. ಸೊಸೆಯನ್ನು "ನೀ ಯಾರವ್ವಾ?" ಎಂದು ಕೇಳಿದರೆ ಹೊಸ ತೊಂದರೆ.

ಕೈಕಾಲು: ನಿಮ್ಮ ಎರಡೆರಡು ಬೆರಳುಗಳನ್ನು ಅವರ ಎರಡೂ ಕೈಗೆ ಕೊಟ್ಟು ಒಟ್ಟಿಗೆ ಹಿಸುಕಲು ಹೇಳಿ. ಬಲ ಸಮನಾಗಿರಬೇಕು. ನಂತರ ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ, ನೀವು ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ. ಒಂದು ಕೈ ತಾನಾಗಿ ಕೆಳಕ್ಕೆ ಇಳಿದರೆ ಆ ಕಡೆ ಶಕ್ತಿ ಕುಂದಿದೆ ಎಂದರ್ಥ. ಹತ್ತು ಹೆಜ್ಜೆ ನಡೆಸಿ, ನೀವು ಪಕ್ಕದಲ್ಲೇ ಇರಿ. ಕಾಲೆಳೆಯುತ್ತಾರೆಯೇ, ಒಂದೇ ಕಡೆಗೆ ವಾಲುತ್ತಾರೆಯೇ ನೋಡಿ. ಈ ಎಲ್ಲಕ್ಕೂ ಎರಡು ನಿಮಿಷ ಸಾಕು.

ನೋಡಿದ್ದನ್ನು ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಗಂಟೆ ಹಾಕಿ ಒಂದು ಸಾಲು ಬರೆಯಿರಿ. ಬೆಳಿಗ್ಗೆ ಅಣ್ಣ, ಮಧ್ಯಾಹ್ನ ಅತ್ತಿಗೆ, ರಾತ್ರಿ ತಮ್ಮ ಎಂದು ನೋಡುವವರು ಬದಲಾಗುತ್ತಿದ್ದರೆ ನಿಧಾನವಾಗಿ ಕೆಡುತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ಪ್ರತಿಯೊಬ್ಬರೂ "ನಾ ನೋಡಿದಾಗಿಂದ ಹಿಂಗ ಇದ್ದಾರ" ಎನ್ನುತ್ತಾರೆ. ಬರೆದಿಟ್ಟರೆ ನಿನ್ನೆಗೂ ಇವತ್ತಿಗೂ ಹೋಲಿಸಬಹುದು. ನಿಮ್ಮ ಮುಖ್ಯ ಪ್ರಶ್ನೆ ಇದೇ: ಈ ತೊಂದರೆ ಹೊಸದೇ? ಹಳೆಯದಾದರೆ, ನಿನ್ನೆಗಿಂತ ಹೆಚ್ಚಾಗಿದೆಯೇ? ವೈದ್ಯರಿಗೂ ಈ ಒಂದು ಸಾಲು ಬಹಳ ಉಪಯೋಗ. ರೋಗಿಯ ಸಹಜ ನಡೆನುಡಿ ಹೇಗಿತ್ತೆಂದು ನಿಮಗೆ ಗೊತ್ತು, ಡ್ಯೂಟಿಯಲ್ಲಿರುವ ಡಾಕ್ಟರಿಗೆ ಗೊತ್ತಿರುವುದಿಲ್ಲ.

ಮೊದಲ ಎರಡು ದಿನ ರೋಗಿಯನ್ನು ಒಂಟಿಯಾಗಿ ಬಿಡಬೇಡಿ. ಹೊಲದ ಮನೆಯಲ್ಲಿ ಒಬ್ಬರೇ ಇರುವವರಾದರೆ ಊರೊಳಗಿನ ಬಂಧುಗಳ ಮನೆಗೆ ಕರೆತರುವುದು ಒಳ್ಳೆಯದು.

ಯಾವುದಕ್ಕೆ ಬೆಳಗಾಗುವವರೆಗೆ ಕಾಯಬಾರದು?

ಕೆಳಗೆ ಹೇಳುವ ಯಾವುದಾದರೂ ಒಂದು ಕಂಡರೂ ಸಾಕು. ಎರಡನೆಯದು ಕಾಣಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೊರಡಿ.

ತಲೆನೋವು ಏರುತ್ತಲೇ ಹೋಗುವುದು. ವಾಂತಿ ಮತ್ತೆ ಮತ್ತೆ ಆಗುವುದು, ಅಥವಾ ನಿಂತಿದ್ದ ವಾಂತಿ ಒಂದೆರಡು ದಿನದ ಮೇಲೆ ಪುನಃ ಶುರುವಾಗುವುದು. ಎಬ್ಬಿಸಿದರೆ ಸರಿಯಾಗಿ ಏಳದಿರುವುದು, ಕೂತಲ್ಲೇ ಮಂಪರು ಹತ್ತುವುದು. ಗುರುತು ಹತ್ತದಿರುವುದು, ಸಂಬಂಧವಿಲ್ಲದ ಮಾತು, ಎಂದೂ ಇಲ್ಲದ ರೇಗಾಟ. ಮಾತು ತೊದಲುವುದು. ಬಾಯಿ ಒಂದು ಕಡೆ ಸೊಟ್ಟಗಾಗುವುದು. ಕೈ ಅಥವಾ ಕಾಲಿನಲ್ಲಿ ಶಕ್ತಿ ಕುಂದುವುದು, ಜೋಮು ಹಿಡಿಯುವುದು. ಒಂದು ಕಣ್ಣಿನ ಬೊಟ್ಟು ದೊಡ್ಡದಾಗುವುದು, ಒಂದು ವಸ್ತು ಎರಡಾಗಿ ಕಾಣುವುದು. ಫಿಟ್ಸ್ ಬರುವುದು. ಮತ್ತೆ ಪ್ರಜ್ಞೆ ತಪ್ಪುವುದು. ಕತ್ತು ವಿಪರೀತ ನೋಯುವುದು. ಕಿವಿಯಿಂದ ರಕ್ತ ಬರುವುದು, ಕಿವಿಯ ಹಿಂದೆ ಹೊಸದಾಗಿ ಕಪ್ಪಾಗಿ ಕಂದುವುದು.

ಇವುಗಳಲ್ಲಿ ಜನ ಹಗುರವಾಗಿ ತೆಗೆದುಕೊಳ್ಳುವುದು ಎರಡನ್ನು. ಒಂದು, ಮೂಗಿನಿಂದ ಬರುವ ತಿಳಿನೀರು. "ನೆಗಡಿ ಆಗೇದ" ಎಂದು ಸುಮ್ಮನಾಗುತ್ತಾರೆ. ಬಗ್ಗಿದಾಗ ಹನಿಹನಿಯಾಗಿ ಸುರಿಯುವ, ಒಂದೇ ಹೊಳ್ಳೆಯಿಂದ ಬರುವ, ಗಂಟಲಿಗಿಳಿದರೆ ಉಪ್ಪಾಗಿರುವ ತಿಳಿನೀರು ಮಿದುಳಿನ ಸುತ್ತಲಿನ ದ್ರವವಾಗಿರಬಹುದು. ಬುರುಡೆಯ ತಳದಲ್ಲಿ ಬಿರುಕಿದ್ದರೆ ಹೀಗಾಗುತ್ತದೆ, ಅದೇ ದಾರಿಯಿಂದ ಸೋಂಕು ಒಳಗೆ ಹೋಗುವ ಅಪಾಯವಿದೆ. ಜೋರಾಗಿ ಸೀನಿಸಬೇಡಿ, ಮೂಗಿಗೆ ಅರಳೆ ತುರುಕಬೇಡಿ, ಆಸ್ಪತ್ರೆಗೆ ಬನ್ನಿ. ಎರಡನೆಯದು ನಿದ್ದೆ. ಅದನ್ನು ಮುಂದೆ ಬೇರೆಯಾಗಿ ಹೇಳಿದ್ದೇನೆ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ಇಡುವುದು ನಮ್ಮ ಕಡೆ ಇನ್ನೂ ನಡೆದಿದೆ. ಇದರಿಂದ ಫಿಟ್ಸ್ ನಿಲ್ಲುವುದಿಲ್ಲ. ಚಮಚದಿಂದ ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗುವ ಭಯವಿದೆ. ಸುತ್ತಲಿನ ಗಡುಸು ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಿ, ಒದರುವ ಕೈಕಾಲನ್ನು ಒತ್ತಿ ಹಿಡಿಯಬೇಡಿ. ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಪೂರ್ಣ ಎಚ್ಚರವಾಗುವವರೆಗೆ ನೀರು ಕುಡಿಸಬೇಡಿ. ಎಷ್ಟು ನಿಮಿಷ ಇತ್ತು ಎಂದು ಗಡಿಯಾರ ನೋಡಿಕೊಂಡಿರಿ. ತಾನಾಗಿ ನಿಂತರೂ ಅವತ್ತೇ ತೋರಿಸಬೇಕು.

ಮೊದಲ ಸ್ಕ್ಯಾನ್ ಚೆನ್ನಾಗಿತ್ತಲ್ಲ?

ಇದು ನಮಗೆ ತುಂಬಾ ಕೇಳಿಬರುವ ಪ್ರಶ್ನೆ. ಸ್ಕ್ಯಾನ್ ಎಂಬುದು ಫೋಟೊ ಇದ್ದಂತೆ. ತೆಗೆದ ಗಳಿಗೆಯಲ್ಲಿ ಏನಿತ್ತೋ ಅದನ್ನು ತೋರಿಸುತ್ತದೆ. ಬಿದ್ದ ಒಂದು ಗಂಟೆಗೆ ತೆಗೆದ ಸ್ಕ್ಯಾನಿನಲ್ಲಿ ಇಲ್ಲದ ರಕ್ತ ಆಮೇಲೆ ನಿಧಾನವಾಗಿ ಸೇರಬಹುದು. ಹಣೆಯ ಮೇಲೆ ಪೆಟ್ಟಾದರೆ ಊತ ಹೊರಗೆ ಬರುತ್ತದೆ, ಚರ್ಮ ಹಿಗ್ಗುತ್ತದೆ. ಬುರುಡೆಯೊಳಗೆ ರಕ್ತ ಸೇರಿದರೆ ಹಿಗ್ಗಲು ಜಾಗವಿಲ್ಲ, ಅದು ಮಿದುಳನ್ನೇ ಅದುಮುತ್ತದೆ. ಪೆಟ್ಟಾದ ಮೇಲೆ ಎದ್ದು ಮಾತನಾಡಿ, ಚಹಾ ಕುಡಿದು, "ನನಗೇನೂ ಆಗಿಲ್ಲ" ಎಂದವರು ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದು ಹೀಗೆಯೇ. ಆ ಹೊತ್ತಿನಲ್ಲಿ ಬೇಗ ಆಪರೇಷನ್ ಆದರೆ ಪೂರ್ತಿ ಚೇತರಿಸಿಕೊಳ್ಳುವವರಿದ್ದಾರೆ. ಗಂಟೆಗಟ್ಟಲೆ ತಡವಾದರೆ ಉಳಿದರೂ ಕೈಕಾಲು, ಮಾತು ಮೊದಲಿನಂತೆ ಆಗದಿರಬಹುದು.

ಆದ್ದರಿಂದ ಹೊಸ ಲಕ್ಷಣ ಕಂಡು ಬಂದಾಗ ವೈದ್ಯರು ಎರಡನೆಯ ಸ್ಕ್ಯಾನ್ ಬರೆದರೆ "ಮೊನ್ನೆಯಷ್ಟೇ ಆಗಿದೆಯಲ್ಲ, ದುಡ್ಡಿಗಾಗಿ ಬರೆಯುತ್ತಾರೆ" ಎಂದು ನಿರಾಕರಿಸಬೇಡಿ. ಖರ್ಚಿನ ಚಿಂತೆ ಇದ್ದರೆ ನಾಚಿಕೆಯಿಲ್ಲದೆ ಹೇಳಿ, ರಿಯಾಯಿತಿ ಮತ್ತು ಸರ್ಕಾರದ ಯೋಜನೆಗಳ ವಿಷಯವನ್ನು ಕಛೇರಿಯವರು ವಿಚಾರಿಸುತ್ತಾರೆ. ಹಣ ಹೊಂದಿಸಿಕೊಂಡು ನಾಳೆ ಬರುತ್ತೇವೆ ಎಂದು ಮನೆಯಲ್ಲೇ ಉಳಿಯುವುದು ಮಾತ್ರ ಬೇಡ. ಅಪಘಾತದ ಕೇಸಾದ್ದರಿಂದ ಪೊಲೀಸರ ತಂಟೆ ಎಂದು ಹಿಂಜರಿಯುವವರೂ ಇದ್ದಾರೆ. ದಾಖಲೆ ಬರೆಯುವುದು ಆಸ್ಪತ್ರೆಯ ಕ್ರಮ. ಅದಕ್ಕಾಗಿ ಚಿಕಿತ್ಸೆ ನಿಲ್ಲುವುದಿಲ್ಲ.

ಹಿರಿಯರ ವಿಷಯ ಬೇರೆ

ಅರವತ್ತು ದಾಟಿದವರಲ್ಲಿ ಅಪಾಯ ಎರಡು ದಿನಕ್ಕೆ ಮುಗಿಯುವುದಿಲ್ಲ. ವಯಸ್ಸಾದಂತೆ ಮಿದುಳು ತುಸು ಕುಗ್ಗಿ ಬುರುಡೆಗೂ ಅದಕ್ಕೂ ನಡುವೆ ಜಾಗವಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳ ಹರಿದರೆ ರಕ್ತ ತೊಟ್ಟುತೊಟ್ಟಾಗಿ ಸೇರಿ, ಎರಡು ಮೂರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನದ ನಂತರ ಲಕ್ಷಣ ತೋರಿಸುತ್ತದೆ. ಬಹಳ ವರ್ಷದಿಂದ ಕುಡಿತದ ಚಟವಿರುವವರಿಗೂ, ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್, ಏಸಿಟ್ರೋಮ್ ಮುಂತಾದವು ಅಂಥ ಮಾತ್ರೆಗಳು.

ಒಂದು ಮನೆಯನ್ನು ಎಣಿಸಿಕೊಳ್ಳಿ. ಎಪ್ಪತ್ತು ದಾಟಿದ ಯಜಮಾನರು ಹಬ್ಬದ ಹಿಂದಿನ ದಿನ ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ಬಡಿಯಿತು. ಸಣ್ಣ ಊತ, ಅವತ್ತೇ ಇಳಿಯಿತು. ಎಲ್ಲರೂ ಮರೆತರು. ಮೂರು ವಾರದ ಮೇಲೆ ಅವರು ಮಾತು ಕಡಿಮೆ ಮಾಡಿದರು. ಊಟದ ತಟ್ಟೆಯ ಮುಂದೆ ಕೂತು ಸುಮ್ಮನಿರುತ್ತಾರೆ, ಚಪ್ಪಲಿ ಕಾಲಿನಿಂದ ಜಾರಿದರೂ ತಿಳಿಯುವುದಿಲ್ಲ, ಎರಡು ಬಾರಿ ಹಾಸಿಗೆಯಲ್ಲೇ ಮೂತ್ರವಾಯಿತು. ಮನೆಯವರು "ವಯಸ್ಸಾತು, ಅರಳು ಮರಳು" ಎಂದರು. ಅರಳುಮರಳು ತಿಂಗಳೊಪ್ಪತ್ತಿನಲ್ಲಿ ಬರುವುದಿಲ್ಲ. ಅದಕ್ಕೆ ವರ್ಷಗಳು ಬೇಕು. ಕೆಲವೇ ದಿನದಲ್ಲಿ ಹಿರಿಯರ ನಡಿಗೆ, ಮಾತು, ಬುದ್ಧಿ ಮಂಕಾದರೆ ಕಳೆದ ಎರಡು ಮೂರು ತಿಂಗಳಲ್ಲಿ ಬಿದ್ದಿದ್ದರೇ ಎಂದು ನೆನಪು ಮಾಡಿಕೊಳ್ಳಿ, ಅದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಹೀಗೆ ಸೇರಿದ ರಕ್ತವನ್ನು ಬುರುಡೆಗೆ ಸಣ್ಣ ರಂಧ್ರ ಮಾಡಿ ತೆಗೆಯಲು ಸಾಧ್ಯವಿದೆ. ವಯಸ್ಸಿನ ಮೇಲೆ ಹಾಕಿ ಬಿಟ್ಟುಬಿಡುವ ಕಾಯಿಲೆ ಇದಲ್ಲ.

ರಕ್ತ ತೆಳುವಾಗುವ ಮಾತ್ರೆಯನ್ನು ಹೆದರಿ ನೀವಾಗಿಯೇ ನಿಲ್ಲಿಸಬೇಡಿ, ಕೇಳದೆ ಮುಂದುವರಿಸಲೂ ಬೇಡಿ. ಪೆಟ್ಟಾದ ದಿನವೇ ಮಾತ್ರೆಯ ಚೀಟಿ ತೋರಿಸಿ ಕೇಳಿ.

ನಿದ್ದೆ ಮಾಡಲು ಬಿಡಬಹುದೇ?

"ತಲೆಗೆ ಪೆಟ್ಟಾದವರು ಮಲಗಿದರೆ ಏಳುವುದಿಲ್ಲ" ಎಂದು ರಾತ್ರಿಯಿಡೀ ಕೂರಿಸಿಕೊಂಡು ಇರುವವರಿದ್ದಾರೆ. ಮಿದುಳು ಸುಧಾರಿಸಲು ನಿದ್ದೆ ಬೇಕು. ವೈದ್ಯರು ನೋಡಿ ಮನೆಗೆ ಕಳಿಸಿದವರು ಮಲಗಬಹುದು. ಆದರೆ ಮಲಗಿಸುವ ಮುನ್ನ ಮೇಲೆ ಹೇಳಿದ ಮೂರನ್ನೂ ಒಮ್ಮೆ ನೋಡಿ. ಮೊದಲ ರಾತ್ರಿ ಎಷ್ಟು ಹೊತ್ತಿಗೊಮ್ಮೆ ಎಬ್ಬಿಸಬೇಕು ಎಂಬುದನ್ನು ಡಿಸ್ಚಾರ್ಜ್ ಆಗುವಾಗಲೇ ಕೇಳಿಕೊಳ್ಳಿ. ಎಬ್ಬಿಸಿ ಎಂದಿದ್ದರೆ ಪೂರ್ತಿ ಎಬ್ಬಿಸಬೇಕು. ಭುಜ ಅಲುಗಿಸಿದಾಗ "ಹೂಂ" ಎಂದು ಮಗ್ಗುಲಾದರೆ ಅದು ಎಚ್ಚರವಲ್ಲ. ಎದ್ದು ಕೂತು, ನಿಮ್ಮ ಗುರುತು ಹಿಡಿದು, ಒಂದು ಪ್ರಶ್ನೆಗೆ ಉತ್ತರ ಕೊಟ್ಟು, ಕೈ ಹಿಸುಕಿ ಮತ್ತೆ ಮಲಗಲಿ. "ನಿದ್ದಿಗೆಡಿಸ್ತೀಯಲ್ಲ" ಎಂದು ಬೈದರೆ ಸಂತೋಷಪಡಿ. ಏಳಲೇ ಇಲ್ಲ, ಅಥವಾ ಎಂದಿಲ್ಲದ ಗೊರಕೆ ಹೊಡೆಯುತ್ತಾ ಅಲುಗಿಸಿದರೂ ಸ್ಪಂದಿಸುತ್ತಿಲ್ಲ ಎಂದರೆ ಕೂಡಲೇ 108ಕ್ಕೆ ಕರೆ ಮಾಡಿ.

ಹೆದರಿಸುವ, ಆದರೆ ಓಡಿ ಬರಬೇಕಿಲ್ಲದ ತೊಂದರೆಗಳು

ಕೆಲವು ದಿನದ ನಂತರ ಹಾಸಿಗೆಯಲ್ಲಿ ಮಗ್ಗುಲಾದಾಗ, ಮೇಲೆ ನೋಡಿದಾಗ, ಅರ್ಧ ನಿಮಿಷ ಇಡೀ ಕೋಣೆ ಗಿರಗಿರ ತಿರುಗಿ ನಿಲ್ಲುವುದುಂಟು. ಒಳಗಿವಿಯಲ್ಲಿರುವ ಸಣ್ಣ ಹರಳುಗಳು ಪೆಟ್ಟಿಗೆ ಜಾಗ ಬಿಟ್ಟು ಸರಿದರೆ ಹೀಗಾಗುತ್ತದೆ. ಕಿವಿಯ ತಜ್ಞರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವನ್ನು ಮೊದಲಿನ ಜಾಗಕ್ಕೆ ಸೇರಿಸುತ್ತಾರೆ. ಓ.ಪಿ.ಡಿ. ಸಮಯದಲ್ಲಿ ಬಂದರೆ ಸಾಕು. ತಿರುಗುವಿಕೆ ನಿಲ್ಲದೇ ಇದ್ದರೆ, ಜೊತೆಗೆ ನಡಿಗೆ ಅಥವಾ ಮಾತು ಕೆಟ್ಟರೆ ಮಾತ್ರ ತಕ್ಷಣ ಬನ್ನಿ.

ವಾಸನೆ ತಿಳಿಯದಿರುವುದು ಇನ್ನೊಂದು. "ಊಟಕ್ಕ ರುಚೀನ ಇಲ್ಲ" ಎಂದು ಸೊಸೆಯ ಅಡಿಗೆಯನ್ನು ದೂರುವ ಮೊದಲು ಕಾಫಿಪುಡಿ ಮೂಸಿಸಿ ನೋಡಿ. ಮೂಗಿನಿಂದ ಮಿದುಳಿಗೆ ಹೋಗುವ ಎಳೆಗಳಿಗೆ ಪೆಟ್ಟಾದರೆ ವಾಸನೆ ಹೋಗುತ್ತದೆ, ಕೆಲವರಿಗೆ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ. ಅಂಥವರಿಗೆ ಗ್ಯಾಸ್ ಸೋರಿದ್ದು, ಹಾಲು ಉಕ್ಕಿ ಒಲೆ ಆರಿದ್ದು ತಿಳಿಯದು. ಒಬ್ಬರೇ ಅಡಿಗೆ ಮಾಡಲು ಬಿಡಬೇಡಿ, ಸಿಲಿಂಡರಿನ ರೆಗ್ಯುಲೇಟರನ್ನು ಪ್ರತಿ ಸಲ ಬಂದ್ ಮಾಡಿ.

ಸಿಟ್ಟು ಮತ್ತು ಅಳು ಬಂಧುಗಳನ್ನು ಬಹಳ ನೋಯಿಸುತ್ತವೆ. ಎಂದೂ ಏರುದನಿಯಲ್ಲಿ ಮಾತನಾಡದ ತಂದೆ ಮಗಳಿಗೆ ತಟ್ಟೆ ಎಸೆಯುತ್ತಾರೆ. ಗದ್ದಲ ಕಡಿಮೆ ಮಾಡಿ, ಎದುರು ವಾದಿಸದೆ ಸ್ವಲ್ಪ ಹೊತ್ತು ಬಿಟ್ಟುಬಿಡಿ. ದಿನೇ ದಿನೇ ಮಂಕಾಗಿ, ಬದುಕು ಬೇಡ ಎಂಬ ಮಾತು ಬಂದರೆ ಅದನ್ನು ಸಿಟ್ಟಿನ ಮಾತೆಂದು ಬಿಡಬೇಡಿ. ಒಬ್ಬರನ್ನೇ ಬಿಡದೆ ಕರೆತನ್ನಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಎಷ್ಟು ವಿಶ್ರಾಂತಿ, ಯಾವ ಮಾತ್ರೆ?

ಮೊದಲೆಲ್ಲ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಭೆಯೂ ಆ ಪದ್ಧತಿ ಬೇಡವೆಂದಿದೆ. ಮೊದಲ ಒಂದೆರಡು ದಿನ ಮನೆಯೊಳಗೆ ಹಗುರ ಓಡಾಟ ಇರಲಿ, ಮೊಬೈಲ್, ಟಿ.ವಿ. ಕಡಿಮೆ ಇರಲಿ. ಆಮೇಲೆ ತೊಂದರೆ ಬಹಳ ಏರದಷ್ಟು ನಡಿಗೆ, ಓದು, ಮನೆಗೆಲಸ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಬೈಕು, ಟ್ರ್ಯಾಕ್ಟರ್, ಏಣಿ ಹತ್ತುವುದು, ಕಬಡ್ಡಿ, ಕುಸ್ತಿ ಇವು ವೈದ್ಯರು ಹೇಳುವವರೆಗೆ ಬೇಡ. ಸುಧಾರಿಸುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅದರ ಪರಿಣಾಮ ಮೊದಲಿನದಕ್ಕಿಂತ ಕೆಟ್ಟದಾಗಿರಬಹುದು.

ನೋವಿಗೆ ವೈದ್ಯರು ಬರೆದ ಪ್ಯಾರಾಸಿಟಮಾಲ್ ಸಾಕು. ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ತಂದು ಕೊಡಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು. ನಿದ್ದೆ ಮಾತ್ರೆ, ಮದ್ಯ ಬೇಡವೇ ಬೇಡ. ಮಂಪರು ಮಾತ್ರೆಯದೋ ಮಿದುಳಿನದೋ ತಿಳಿಯದಂತಾಗುತ್ತದೆ. ತಲೆಗೆ ಎಣ್ಣೆ ಹಾಕಿ ತಿಕ್ಕಬೇಡಿ, ಗಾಯಕ್ಕೆ ಕಾಫಿಪುಡಿ ಮೆತ್ತಬೇಡಿ. ದೃಷ್ಟಿ ತೆಗೆಯಿರಿ, ವಿಭೂತಿ ಹಚ್ಚಿರಿ, ಶ್ರೀಮಠಕ್ಕೆ ಹರಕೆ ಹೊರಿರಿ, ಅದು ನಿಮ್ಮ ನಂಬಿಕೆ. ಅವನ್ನೆಲ್ಲ ಗಾಡಿ ಬರುವಷ್ಟರಲ್ಲಿ ಮಾಡಿ ಮುಗಿಸಿ.

ಕೂಸುಗಳು

ಮಾತು ಬಾರದ ಕೂಸು ತಲೆನೋವು ಎನ್ನಲಾರದು. ಎತ್ತಿಕೊಂಡರೂ ಸಮಾಧಾನವಾಗದ ಅಳು, ಮೊಲೆ ಕುಡಿಯದಿರುವುದು, ಆಟಿಕೆ ಕಂಡರೂ ನೋಡದಿರುವುದು, ನೆತ್ತಿ ಉಬ್ಬುವುದು, ಜೋಲುಬೀಳುವುದು ಕಂಡರೆ ತಡಮಾಡಬೇಡಿ. ಶಾಲೆಯ ಮಕ್ಕಳು ಪರೀಕ್ಷೆ ತಪ್ಪುತ್ತದೆಂದು ತೊಂದರೆ ಮುಚ್ಚಿಡುತ್ತಾರೆ. ಬೈಯದೆ ಕೇಳಿ.

ಕರೆತರುವಾಗ

ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿ ತರಬೇಡಿ. ದಾರಿಯಲ್ಲಿ ಫಿಟ್ಸ್ ಬಂದರೆ ಮೂವರೂ ಬೀಳುತ್ತೀರಿ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಉಚಿತವಾಗಿ ಇದೆ. ಕರೆ ಮಾಡಿದಾಗ ಊರು, ತಾಲ್ಲೂಕು, ಗುರುತಿಗೆ ಶಾಲೆ ಅಥವಾ ಗುಡಿ ಹೇಳಿ, "ತಲೆಗೆ ಪೆಟ್ಟಾದ ರೋಗಿ, ಈಗ ಹೀಗಾಗಿದೆ" ಎನ್ನಿ. ವಾಂತಿ ಇದ್ದರೆ ಮಗ್ಗುಲಾಗಿ ಮಲಗಿಸಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ಊಟ, ಚಹಾ ಏನೂ ಕೊಡಬೇಡಿ.

ಡಿಸ್ಚಾರ್ಜ್ ಚೀಟಿ, ಹಳೆಯ ಸ್ಕ್ಯಾನ್ ಫಿಲಂ, ತೆಗೆದುಕೊಳ್ಳುತ್ತಿರುವ ಎಲ್ಲಾ ಮಾತ್ರೆ, ನೋಟುಬುಕ್ಕು, ರೇಷನ್ ಕಾರ್ಡ್, ಆಧಾರ್ ಇವನ್ನು ಡಿಸ್ಚಾರ್ಜ್ ಆದ ದಿನವೇ ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ತೂಗುಹಾಕಿ. ಸಿಗದಿದ್ದರೆ ಹುಡುಕುತ್ತಾ ನಿಲ್ಲಬೇಡಿ, ರೋಗಿಯೊಂದಿಗೆ ಹೊರಡಿ, ಕಾಗದ ಹಿಂದಿನಿಂದ ಬರಲಿ.

ಕ್ಯಾಜುವಾಲ್ಟಿಯಲ್ಲಿ ಗದ್ದಲವಿರುತ್ತದೆ. ಸರತಿಯಲ್ಲಿ ಸುಮ್ಮನೆ ಕೂರಬೇಡಿ. ಎದುರಿಗೆ ಸಿಕ್ಕ ಸಿಸ್ಟರಿಗೆ ಇಷ್ಟು ಹೇಳಿ: ಯಾವ ದಿನ ಪೆಟ್ಟಾಯಿತು, ನಿನ್ನೆ ಹೇಗಿದ್ದರು, ಎಷ್ಟು ಗಂಟೆಯಿಂದ ಏನು ಹೊಸದಾಗಿ ಶುರುವಾಗಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದು ವಾಪಸು ಕಳುಹಿಸಿದರೆ ಸುಮ್ಮನೆ ಬಂದೆವೆಂದು ಸಂಕೋಚಪಡಬೇಡಿ, ಮತ್ತೆ ಹೊಸದೇನಾದರೂ ಕಂಡರೆ ಮತ್ತೆ ಬನ್ನಿ.